ಕಣ್ಣಿನ ಬಾಡಿಗೆದಾರರು

ಎಡಗೆನ್ನೆ ಮುಗಿಸಿ ಎದುರಂಗಡಿಯ ಕ್ಷೌರಿಕ ಕತ್ತಿ ಒರೆಸಿಕೊಳ್ಳುತ್ತಿದ್ದಾಗ, ಕಣ್ಣಿನ ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಪುಟ್ಟದೊಂದು ಐಸ್ ಪೆಟ್ಟಿಗೆ. ಸತ್ತು ಮಂಚದ ಮೇಲೆ ಮಲಗಿದ್ದವನೂ ಕ್ಷೌರಿಕನೇ. ಬೀದಿಯ ಆಚೆಗೊಬ್ಬ ಈಚೆಗೊಬ್ಬ ಅಂಗಡಿ ಇಟ್ಟು, ಗಿರಾಕಿಗಳಿಗಾಗಿ ಕಿತ್ತಾಡುತ್ತಲೇ ಇಬ್ಬರೂ ಮುದುಕರಾಗಿದ್ದರು.

“ಒಂದಿನಾನೂ ನನ್ನ ಕೈಗೆ ಗಡ್ಡ ಕೊಟ್ಟವನಲ್ಲ ಅತ್ತಿಗೆ. ಈಗ ಎದ್ದರೆ ಮೊದಲು ಕನ್ನಡಿ ಕೇಳ್ತಾನೆ,” ಎಂದು ಎದುರಂಗಡಿಯವನು ಮೂಗೊರೆಸಿಕೊಂಡ.

ಹೆಂಡತಿ ಅಳುತ್ತಿದ್ದವಳು ನಕ್ಕುಬಿಟ್ಟಳು.

ಡಾಕ್ಟರಮ್ಮ ಅವಳ ಪಕ್ಕ ಕೂತರು. “ಈ ಹೊತ್ತಲ್ಲಿ ಕೇಳಬಾರದು. ಬಲಗಣ್ಣಲ್ಲಿರೋ ಡಬ್ಬಿ ಬೇಕಿತ್ತಮ್ಮ. ಇಷ್ಟು ವರ್ಷ ಒಳಗಿನ ಜೀವಕಣಗಳು ಹೇಗಿದ್ವು ಅಂತ ತಿಳಿದರೆ ಮುಂದೆ ಬರೋರಿಗೆ ಅನುಕೂಲ. ಅವರನ್ನ ಮೊದಲೇ ಕೇಳಿದ್ದೆ. ‘ನಾನೇನೋ ಸೈ, ಆದ್ರೆ ಮನೆ ವಿಷಯ ಎಲ್ಲಾ ಅವಳದ್ದೇ’ ಅಂದಿದ್ರು.”

“ಬೇಡ ಅಕ್ಕ,” ಎಂದ ತಮ್ಮ. “ಸತ್ತ ಮೇಲೂ ಭಾವನ ಕಣ್ಣಿಗೆ ಕೈ ಹಾಕಿಸ್ತೀಯಾ?”

* * *

ಗಂಡನ ಕಣ್ಣು ಕೆಟ್ಟಿದ್ದು ಮೊದಲು ಗೊತ್ತಾಗಿದ್ದು ಒಬ್ಬ ಮೇಷ್ಟರ ಮೀಸೆಯಿಂದ. ನೇರ ಕತ್ತರಿಸಿದ್ದೇನೆ ಅಂದುಕೊಂಡಿದ್ದ. ಮೀಸೆ ಮಾತ್ರ ಒಂದು ಕಡೆ ಗುಡ್ಡ ಹತ್ತಿತ್ತು. ಆ ರಾತ್ರಿ ಅವನು ಉಣ್ಣಲಿಲ್ಲ. ಕತ್ತಿ ಹಿಡಿಯಲಾಗದ ಮೇಲೆ ತಾನೇನು ಎಂದು ಹೆಂಡತಿಯನ್ನು ಕೇಳಿದ್ದ.

“ಕಳೆದುಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದು ಬೇಗ ಹೋಗದ ಹಾಗೆ ನೋಡಬಹುದು,” ಎಂದಿದ್ದರು ಡಾಕ್ಟರಮ್ಮ. ಅಕ್ಕಿಕಾಳಿನಷ್ಟು ಡಬ್ಬಿ, ಅದರೊಳಗೆ ಇನ್ಯಾರದೋ ಜೀವಕಣಗಳು. ಕಣ್ಣನ್ನು ಕಾಪಾಡುವ ಪ್ರೋಟೀನನ್ನು ಅವು ತಯಾರಿಸುತ್ತಲೇ ಇರುತ್ತವೆ. ಆಹಾರ ಒಳಗೆ ಹೋಗುತ್ತದೆ, ಔಷಧಿ ಹೊರಗೆ ಬರುತ್ತದೆ. ಮೈಯ ಕಾವಲುಪಡೆ ಮಾತ್ರ ಒಳನುಗ್ಗಿ ಅವನ್ನು ಕೊಲ್ಲಲಾರದು.

“ಕಿಟಕಿಗೆ ಸೊಳ್ಳೆಪರದೆ ಹೊಡೆದ ಹಾಗೆ,” ಎಂದಿದ್ದ ಅವನು.

ಪ್ರಯೋಗವಾದ್ದರಿಂದ ಡಬ್ಬಿ ಕೂರಿಸಿದ್ದು ಬಲಗಣ್ಣಿಗೆ ಮಾತ್ರ. ಎಡಗಣ್ಣು ವರ್ಷದಿಂದ ವರ್ಷಕ್ಕೆ ಮಸುಕಾಯಿತು. ಬಲಗಣ್ಣು ತಕ್ಕಮಟ್ಟಿಗೆ ನಿಂತಿತು. ಕತ್ತಿ ಕೈಬಿಡಲಿಲ್ಲ. ನೊರೆ ಹಚ್ಚುತ್ತಾ ಗಿರಾಕಿಗಳಿಗೆ ಹೇಳುತ್ತಿದ್ದ: “ಕಣ್ಣಲ್ಲಿ ಬಾಡಿಗೆಗೆ ಜನ ಇದಾರೆ ಸ್ವಾಮಿ. ಬಹಳ ಒಳ್ಳೇ ಜನ. ಗಲಾಟೆ ಇಲ್ಲ, ನಲ್ಲಿ ರಿಪೇರಿ ಮಾಡಿಸು ಅನ್ನಲ್ಲ.”

ಬೆಳಿಗ್ಗೆ ಮುಖ ತೊಳೆಯುವಾಗ ಬಲಗಣ್ಣನ್ನು ಮಾತ್ರ ಮೆಲ್ಲಗೆ ಒತ್ತುತ್ತಿದ್ದ. ಹೆಂಡತಿ ರೇಗಿಸಿದರೆ, “ಇನ್ನೂ ಮಲಗಿದಾರೆ ಕಣೇ,” ಎನ್ನುತ್ತಿದ್ದ.

* * *

“ಅವು ಇನ್ನೂ ಬದುಕಿದಾವಾ?” ಎಂದು ಹೆಂಡತಿ ಕೇಳಿದಳು.

“ಇರಬೇಕಮ್ಮ. ಆದರೆ ಬಹಳ ಹೊತ್ತಲ್ಲ.”

ಅವಳು ಗಂಡನ ಮುಖವನ್ನೇ ನೋಡುತ್ತಾ ಕೂತಳು. ಒಂದು ಕೆನ್ನೆ ನುಣುಪಾಗಿತ್ತು. ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು.

“ಒಳಗೆ ಜನ ಇರುವಾಗ ಷಟರ್ ಎಳೆದವರಲ್ಲ ಇವರು,” ಎಂದಳು ತಮ್ಮನಿಗೆ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, “ತಗೊಳ್ಳಿ. ನೋವಾಗದ ಹಾಗೆ,” ಎಂದಳು.

“ಖಂಡಿತ ಅಮ್ಮ,” ಎಂದರು ಡಾಕ್ಟರಮ್ಮ, ಸತ್ತವರಿಗೆ ಎಂಥ ನೋವು ಎನ್ನದೆ.

ತಮ್ಮ ಎದ್ದುಹೋಗಿ ಬಾಗಿಲು ಮುಂದೆ ಮಾಡಿದ. ಕೆಲಸ ಮುಗಿಯುವವರೆಗೂ ಯಾರನ್ನೂ ಒಳಗೆ ಬಿಡದೆ ಅಲ್ಲೇ ಕಾವಲು ನಿಂತ. ಆಮೇಲೆ ಎದುರಂಗಡಿಯವನು ಹೊಸದಾಗಿ ನೊರೆ ಹಚ್ಚಿ, ಉಳಿದ ಕೆನ್ನೆ ಮುಗಿಸಿದ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಹೆಂಡತಿ ಮೂಲೆಯಲ್ಲಿದ್ದ ಛತ್ರಿ ಬಿಚ್ಚಿ, ಪೆಟ್ಟಿಗೆಯ ಮೇಲೆ ನೆರಳು ಬೀಳುವಂತೆ ಹಿಡಿದು ಕಾರಿನ ತನಕ ನಡೆದಳು.

“ಹಳ್ಳದಿಣ್ಣೆ ನೋಡ್ಕೊಂಡು ಓಡಿಸಪ್ಪ,” ಎಂದಳು ಡ್ರೈವರಿಗೆ.

ಕಾರು ತಿರುವಿನಲ್ಲಿ ಮರೆಯಾಯಿತು. ಒಳಗಿಂದ ತಮ್ಮ ಎರಡು ಸಲ ಕರೆದ. ಅವಳು ನೆತ್ತಿಯ ಮೇಲೆ ಬಿಸಿಲು ಹೊತ್ತು ಅಲ್ಲೇ ನಿಂತಿದ್ದಳು, ಛತ್ರಿಯನ್ನು ಇನ್ನೂ ಮುಂದಕ್ಕೇ ಚಾಚಿಕೊಂಡು.