ಕೊಟ್ರೇಶ ಕೊಂಡ ಮಷೀನು

ಆ ಸೀಡಿ ಪ್ಲೇಯರಿಗಾಗಿ ಉಮೇಶ ವರ್ಷಗಟ್ಟಲೆ ಕಾದಿದ್ದ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಅವನು ಎಂಜಿನಿಯರ್. ಕ್ವಾರ್ಟರ್ಸಿನ ಹಿಂದಿನ ಕೋಣೆಯನ್ನು ಹಾಡು ಕೇಳುವುದಕ್ಕೆಂದೇ ಬಿಟ್ಟುಕೊಂಡಿದ್ದ. ಅಲ್ಲಿದ್ದ ಸ್ಪೀಕರು, ಆಂಪ್ಲಿಫೈಯರು ಎಲ್ಲವೂ ಯಾರೋ ಬಳಸಿ ಬಿಟ್ಟವು. ಒಂದೊಂದನ್ನೂ ಹುಡುಕಿ ತಂದು, ಬಿಚ್ಚಿ, ಒರೆಸಿ ಸರಿಮಾಡಿಕೊಂಡಿದ್ದ. ಕೊರತೆ ಇದ್ದದ್ದು ಒಳ್ಳೆಯ ಪ್ಲೇಯರಿನದು ಮಾತ್ರ. ತೊಂಬತ್ತರ ದಶಕದ ಮೊದಲಲ್ಲಿ ಜಪಾನಿನಲ್ಲಿ ತಯಾರಾಗಿ, ಆಮೇಲೆ ನಿಂತೇಹೋದ ಒಂದು ಮಾದರಿಯ ಮೇಲೆ ಅವನ ಮನಸ್ಸಿತ್ತು. ಮೇಲಿನ ಮುಚ್ಚಳ ಸರಿಸಿ, ಸೀಡಿ ಇಟ್ಟು, ಅದರ ನಡುವೆ ಹಿತ್ತಾಳೆಯ ಪುಟ್ಟ ಬಿಲ್ಲೆಯೊಂದನ್ನು ಕೂರಿಸಬೇಕಾದಂಥ, ಒಬ್ಬನಿಂದ ಎತ್ತಲಾಗದಷ್ಟು ಭಾರದ ಯಂತ್ರ ಅದು.

ರಾಯಚೂರಿನ ತೀನ್ ಕಂದೀಲ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಮಹಮ್ಮದ್ ಹುಸೇನನಿಗೆ ಉಮೇಶ ಇದನ್ನು ಹೇಳಿಟ್ಟಿದ್ದ. ಕಳೆದ ಚಳಿಗಾಲದಲ್ಲಿ ಹುಸೇನ ಫೋನ್ ಮಾಡಿದ. ಊರಿನಲ್ಲೇ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರ ಮನೆಯಲ್ಲಿ ಅಂಥದೇ ಒಂದು ಇದೆಯಂತೆ, ಮಗಳ ಮನೆಗೆ ಹೋಗುತ್ತಿರುವುದರಿಂದ ಮಾರುತ್ತಾರಂತೆ. ಉಮೇಶ ನೋಡಲು ಹೋಗುವಾಗ ಕೊಟ್ರೇಶನನ್ನೂ ಕರೆದುಕೊಂಡು ಹೋದ.

ಕೊಟ್ರೇಶ ಅವನ ಹಳೆಯ ಗೆಳೆಯ. ರಾಯಚೂರಿನ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಕೊಟ್ರೇಶನದು ಮಾನ್ವಿ. ಪೋತ್ನಾಳದ ಕಡೆ ಹೋಗುವ ರಸ್ತೆಯಲ್ಲಿ ಅವರ ಅಕ್ಕಿ ಗಿರಣಿ, ಪಕ್ಕದಲ್ಲೇ ಮನೆ. ಹಾಡು ಕೇಳುವ ಹುಚ್ಚು ಅವನಿಗೆ ಹತ್ತಿದ್ದು ಉಮೇಶನಿಂದಲೇ. ಉಮೇಶ ಹಳೆಯದನ್ನು ತಂದರೆ ಅವನು ಅದರ ಹೊಸ ಮಾದರಿಯನ್ನು ತರುತ್ತಿದ್ದ. ಯಾವುದನ್ನು ತರಬೇಕೆಂದು ಹೇಳುವವನೂ, ತಂದದ್ದನ್ನು ಜೋಡಿಸಿಕೊಡುವವನೂ ಉಮೇಶನೇ.

ಮ್ಯಾನೇಜರರು ಒಂದು ಹಿಂದೂಸ್ತಾನಿ ಖಯಾಲಿನ ಸೀಡಿ ಹಾಕಿದರು. ಉಮೇಶ ನೂರು ಸಲ ಕೇಳಿದ್ದ ಸೀಡಿ ಅದು. ಆದರೆ ಹಾಡುವ ಮುನ್ನ ಗಾಯಕಿ ತುಟಿ ಬಿಡಿಸುವ ಸಣ್ಣ ಸದ್ದನ್ನು ಅವನು ಎಂದೂ ಕೇಳಿರಲಿಲ್ಲ. ಆಕೆ ತನ್ನಿಂದ ಒಂದು ಮಾರು ದೂರದಲ್ಲಿ ಕೂತಿದ್ದಾಳೆ ಅನಿಸಿತು. ತನ್ನ ಹಳೆಯ ಸಾಮಾನು ಕೆಲವನ್ನು ಮಾರಿಕೊಂಡು ಬರುತ್ತೇನೆ, ಸ್ವಲ್ಪ ಕಾಲ ಕೊಡಿ ಎಂದು ಕೇಳಿದ. ಅವರು ಒಪ್ಪಿದರು.

ಆ ವಾರವೇ ಕೊಟ್ರೇಶನ ಫೋನ್ ಬಂತು.

"ಉಮೇಶಾ, ನಿನ್ನ ಮಷೀನ್ ನಮ್ಮನಿಗೆ ಬಂದದ ನೋಡು. ಬಂದು ಜೋಡಿಸಿಕೊಡು."

ಉಮೇಶ ಒಳ್ಳೆಯದಾಯಿತೆಂದು ಹೇಳಿ ಫೋನ್ ಇಟ್ಟ. ಅವತ್ತು ಅವನು ಹಿಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಹೆಂಡತಿ ಮಂಜುಳಾ ಕೇಳಿದ್ದಕ್ಕೆ ತಲೆನೋವೆಂದ. ಕೆಲಸದಲ್ಲಿದ್ದಾಗ, ಉಣ್ಣುವಾಗ, ಸ್ನಾನ ಮಾಡುವಾಗ ಅವನಿಗೆ ಕಾಣುತ್ತಿದ್ದುದು ಒಂದೇ. ಕೊಟ್ರೇಶ ತನ್ನ ದಪ್ಪ ಬೆರಳುಗಳಿಂದ ಆ ಮುಚ್ಚಳ ಸರಿಸುತ್ತಿದ್ದಾನೆ.

ಭಾನುವಾರ ತಾಯಿಯನ್ನು ನೋಡಲು ದೇವದುರ್ಗಕ್ಕೆ ಹೋದ. ಆದೆಮ್ಮ ಕೂಲಿ ಮಾಡಿ ಅವನನ್ನು ಓದಿಸಿದವಳು. ಆಕೆಯ ಜೊತೆಗಿದ್ದ ಅವನ ತಮ್ಮ ಉಣ್ಣುತ್ತಾ ಮಾತಾಡುತ್ತಿದ್ದರೂ ಇವನು ತಟ್ಟೆಯಲ್ಲಿ ಕೈಯಾಡಿಸುತ್ತಾ ಕೂತಿದ್ದನ್ನು ಕಂಡು ಏನಾಯಿತೆಂದು ಕೇಳಿದಳು. ಅವನು ಅರ್ಧ ಹೇಳಿದ. ಗೆಳೆಯನ ಮನೆಯಲ್ಲಿದ್ದರೆ ನಿನಗೇನು ನಷ್ಟ, ಹೋಗಿ ಕೇಳಿ ಬಂದರಾಯಿತಲ್ಲ ಎಂದಳು ಆಕೆ.

"ಮಂದಿ ಮನಿ ಮುಂದ ನಿಂತು ಕೇಳೂದು ಸಾಕಾಗ್ಯದ ಯವ್ವಾ," ಎಂದ ಉಮೇಶ.

ಅವನು ಚಿಕ್ಕವನಿದ್ದಾಗ ಮನೆಯಲ್ಲಿ ರೇಡಿಯೋ ಇರಲಿಲ್ಲ. ಮೇಲಿನ ಓಣಿಯ ಒಂದು ಮನೆಯ ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದ. ಒಳಗಿನವರು ಬಂದ್ ಮಾಡಿದಾಗ ಹಾಡು ಎಲ್ಲಿಗೆ ಬಂದಿರುತ್ತಿತ್ತೋ ಅಲ್ಲಿಗೇ ಬಿಟ್ಟು ಮನೆಗೆ ಬರುತ್ತಿದ್ದ.

ಮುಂದಿನ ರಜೆಯಲ್ಲಿ ಅವನು ಮಾನ್ವಿಗೆ ಹೋದ. ಕೊಟ್ರೇಶ ಬಾಗಿಲಿನಲ್ಲೇ ಕಾಯುತ್ತಿದ್ದ. ನಡುಮನೆಯಲ್ಲಿ ಹೊಸ ಮರದ ಮೇಜಿನ ಮೇಲೆ ಪ್ಲೇಯರು ಕೂತಿತ್ತು. ಯಾರೋ ಅದರ ಮೇಲೆ ವಿಭೂತಿ ಹಚ್ಚಿ ಹೂವಿಟ್ಟಿದ್ದರು. ಉಮೇಶ ಹೂವು ತೆಗೆದ, ಒದ್ದೆ ಬಟ್ಟೆಯಿಂದ ವಿಭೂತಿ ಒರೆಸಿದ. ಮೇಜನ್ನು ಬೇರೆ ಕಡೆ ಸರಿಸಬೇಕಾದ್ದರಿಂದ ಎಲ್ಲ ತಂತಿಗಳನ್ನೂ ಬಿಚ್ಚಿ, ಆಂಪ್ಲಿಫೈಯರಿನ ಹಿಂದೆ ಮಂಡಿಯೂರಿ ಮತ್ತೆ ಜೋಡಿಸತೊಡಗಿದ. ಚಹಾ ಮಾಡಲು ಹೇಳುತ್ತೇನೆಂದು ಕೊಟ್ರೇಶ ಒಳಗೆ ಹೋದ. ಅಡುಗೆಮನೆಯಲ್ಲಿ ಅವನು ಹೆಂಡತಿಯ ಎದುರು ನಗುವುದು ಕೇಳಿಸುತ್ತಿತ್ತು.

ಉಮೇಶ ಮೊದಲೇ ಯೋಚಿಸಿಕೊಂಡು ಬಂದಿರಲಿಲ್ಲ. ಎಡಗಡೆಯ ಸ್ಪೀಕರಿನ ತಂತಿ ಕೈಯಲ್ಲಿತ್ತು. ಕೆಂಪು ತಂತಿಯನ್ನು ಕರಿಯ ತೂತಿಗೂ ಕರಿಯ ತಂತಿಯನ್ನು ಕೆಂಪು ತೂತಿಗೂ ಹಾಕಿ ತಿರುಪು ಬಿಗಿದ. ಹಾಗೆ ಮಾಡಿದರೆ ಯಾವುದೂ ಕೆಡುವುದಿಲ್ಲ, ಸದ್ದೂ ಬರುತ್ತದೆ. ಆದರೆ ಒಂದು ಸ್ಪೀಕರು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತಬಲಾದ ಎಡದ ಪೆಟ್ಟು ಪೊಳ್ಳಾಗುತ್ತದೆ. ಎದುರಿಗೆ ಕೂತಂತೆ ಕೇಳಬೇಕಾದ ಗಾಯಕಿ ಕೋಣೆಯ ತುಂಬ ಚದುರಿಹೋಗುತ್ತಾಳೆ.

ಕೊಟ್ರೇಶ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತು ಕೇಳಿ, ಭಾಳ ಛಲೋ ಅದ ಎಂದ. ಹಾಗೆನ್ನುವಾಗ ಅವನ ದನಿ ಅಷ್ಟು ಗಟ್ಟಿಯಿರಲಿಲ್ಲ. ಉಮೇಶ ಚಹಾ ಕುಡಿದು ಹೊರಟ. ಕಾರಿನಲ್ಲಿ ಅವನಿಗೆ ಹಗುರವೆನಿಸಿತು.

ತಿಂಗಳೊಪ್ಪತ್ತಿನಲ್ಲಿ ಕೊಟ್ರೇಶನ ಫೋನುಗಳು ಬೇರೆ ಥರ ಆದವು. ಏನೋ ಸರಿಯಿಲ್ಲ, ಆದರೆ ಏನೆಂದು ತಿಳಿಯುತ್ತಿಲ್ಲ ಅನ್ನುತ್ತಿದ್ದ. ಅದೇ ಸ್ಪೀಕರುಗಳಲ್ಲಿ ತನ್ನ ಹಳೆಯ ಪ್ಲೇಯರನ್ನು ಮತ್ತೆ ಹಚ್ಚಿ ನೋಡಿದರೆ ಅದೂ ಈಗ ಸಪ್ಪೆಯಂತೆ. ಎರಡೂ ಸಪ್ಪೆಯಾದರೆ ತಪ್ಪು ಮಷೀನಿನದಲ್ಲ, ತನ್ನ ಕಿವಿಯದು ಎಂದು ಅವನೇ ತೀರ್ಮಾನಿಸಿದ. ಹುಟ್ಟಿದಾಗಿನಿಂದ ಗಿರಣಿಯ ಸದ್ದಿನಲ್ಲಿ ಬೆಳೆದವನು. ಅವನಪ್ಪ ವಿರೂಪಣ್ಣನವರಿಗೂ ಕೊನೆಗಾಲಕ್ಕೆ ಕಿವಿ ಕೇಳುತ್ತಿರಲಿಲ್ಲ. ಹೆದರಿಕೆಯಾಗುತ್ತದೆ, ಡಾಕ್ಟರ ಬಳಿ ಜೊತೆಗೆ ಬಾ ಎಂದು ಕರೆದ.

ರಾಯಚೂರಿನ ಆಸ್ಪತ್ರೆಯಲ್ಲಿ ಸರದಿ ಬರುವವರೆಗೆ ಉಮೇಶ ಅವನ ಪಕ್ಕದಲ್ಲೇ ಕೂತಿದ್ದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಶಾಲೆಯ ಮಗುವಿನಂತೆ ಬೆರಳೆತ್ತುತ್ತಿದ್ದ ಗೆಳೆಯನನ್ನು ಗಾಜಿನಾಚೆಯಿಂದ ನೋಡಿದ. ವಯಸ್ಸಿಗೆ ತಕ್ಕ ಸವೆತ ಸ್ವಲ್ಪ ಇದೆ, ಚಿಂತೆಯಿಲ್ಲ ಎಂದರು ಡಾಕ್ಟರು. ಆ ಸ್ವಲ್ಪ ಎಂಬ ಮಾತು ಕೊಟ್ರೇಶನಿಗೆ ಸಾಕಾಯಿತು.

ಅದಾದ ಮೇಲೆ ಅವನೇ ಗಿರಣಿಯ ಗಾಡಿಯಲ್ಲಿ ಪ್ಲೇಯರು ಹೇರಿಕೊಂಡು ಶಕ್ತಿನಗರಕ್ಕೆ ಬಂದ. ಕಿವಿ ಇಲ್ಲದವನ ಮನೆಯಲ್ಲಿ ಇದು ಯಾಕೆ, ನೀನೇ ಇಟ್ಟುಕೋ, ದುಡ್ಡು ಕೊಡುವುದರ ಮಾತು ಆಮೇಲೆ ನೋಡೋಣ ಎಂದ. ಉಮೇಶ ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಹೊತ್ತು ಒಳಗಿಟ್ಟರು. ಒಂದು ಹಾಡು ಕೇಳಿ ಹೋಗಿರಿ ಎಂದು ಮಂಜುಳಾ ಹೇಳಿದಳು. ಕೊಟ್ರೇಶ ಕೆಲಸವಿದೆಯೆಂದು ನಿಲ್ಲಲಿಲ್ಲ.

ಪ್ಲೇಯರು ಉಮೇಶ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹಾಡಿತು. ಅವನು ದಿನವೂ ಕೇಳಿದ, ಸುಖಪಟ್ಟ. ಆದರೆ ಮಂಜುಳಾ ಕೊಟ್ರೇಶ ದಂಪತಿಯನ್ನು ಊಟಕ್ಕೆ ಕರೆಯೋಣ ಎಂದಾಗಲೆಲ್ಲ ಒಂದೊಂದು ನೆಪ ಹೇಳಿದ. ಈ ಕೋಣೆಯಲ್ಲಿ ಕೂತು ಕೇಳಿದರೆ ಕೊಟ್ರೇಶನಿಗೆ ತನ್ನ ಕಿವಿ ಸರಿಯಿದೆಯೆಂದು ಗೊತ್ತಾಗಿಬಿಡುತ್ತದೆ.

ಒಂದು ಬೆಳಿಗ್ಗೆ ಅನುರಾಧಾ, ಕೊಟ್ರೇಶನ ಹೆಂಡತಿ, ಫೋನ್ ಮಾಡಿದಳು. ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದರಂತೆ, ಸಾಮಾನೆಲ್ಲ ಸರಿಸುತ್ತಿದ್ದರಂತೆ.

"ಅಣ್ಣಾರೀ, ಡಬ್ಬಿ ಹಿಂದ ಒಂದು ಕಡಿ ಕೆಂಪು ವೈರ್ ಕರೇ ತೂತಿನಾಗ ಅದ. ಇನ್ನೊಂದು ಕಡಿ ಬರೋಬರಿ ಅದ. ಅದರಿಂದ ಏನರ ಆಕ್ಕದೇನ್ರೀ?"

ಆಕೆಗೆ ಅನುಮಾನವೇನೂ ಇರಲಿಲ್ಲ, ಸುಮ್ಮನೆ ಕೇಳುತ್ತಿದ್ದಳು. ಏನೂ ಆಗುವುದಿಲ್ಲ, ಸರಿಮಾಡಿಬಿಡಿ ಎಂದರೆ ಮುಗಿದುಹೋಗುತ್ತಿತ್ತು. ಉಮೇಶನ ನಾಲಿಗೆಯ ಮೇಲೆ ಆ ಮಾತು ಬಂದೂ ಇತ್ತು. ಆಗ ಅನುರಾಧಾ, ಇವರು ಈಗ ಹಾಡೇ ಹಚ್ಚುವುದಿಲ್ಲ, ಟೀವಿ ಜೋರಾಗಿಟ್ಟರೆ ಬೈಯುತ್ತಾರೆ, ಕಿವಿ ಉಳಿಸಿಕೊಳ್ಳಬೇಕಂತೆ ಎಂದಳು. ಅವನು ತಂತಿ ಮುಟ್ಟಬೇಡಿ, ತಾನೇ ಬರುತ್ತೇನೆ ಎಂದ.

ನೆರೆಯವನ ಸಹಾಯದಿಂದ ಪ್ಲೇಯರನ್ನು ಕಾರಿಗೆ ಹೇರಿಕೊಂಡು ಮಾನ್ವಿಗೆ ಹೋದ. ಬಣ್ಣದವರು ಹೊರಗಿನ ಗೋಡೆಯಲ್ಲಿದ್ದರು. ಕೊಟ್ರೇಶನ ಜೊತೆ ಪ್ಲೇಯರನ್ನು ಒಳಗಿಟ್ಟು ಉಮೇಶ ತಂತಿ ಸರಿಮಾಡಿದ, ಅದೇ ಖಯಾಲು ಹಾಕಿದ. ಗಾಯಕಿ ಬಂದು ನಟ್ಟನಡುವೆ ಕೂತಳು. ಕೊಟ್ರೇಶ ನಿಂತಲ್ಲೇ ನಿಂತು ಎರಡೂ ಕಿವಿ ಮುಟ್ಟಿಕೊಂಡ. ಅವನ ಮುಖ ಅರಳಿತು. ಗಡಿಬಿಡಿಯಲ್ಲಿ ತಪ್ಪಿ ಹಾಕಿಬಿಟ್ಟಿದ್ದೆಯಲ್ಲ ಎಂದು ನಗಲು ಶುರುಮಾಡಿದ.

"ತಪ್ಪಿ ಹಾಕಿದ್ದಲ್ಲ ಕೊಟ್ರೇಶ," ಎಂದ ಉಮೇಶ. "ಬೇಕಂತನ ಹಾಕೀನಿ."

ಕೊಟ್ರೇಶ ಹಾಡು ನಿಲ್ಲಿಸಿದ.

"ದವಾಖಾನಿಗೆ ನನ್ನ ಜೋಡಿ ಬಂದು ಕುಂತಿದ್ದೆಲ್ಲ ನೀನು."

"ಕುಂತಿದ್ದೆ."

"ಆವಾಗರ ಹೇಳಬೇಕು ಅನಸಲಿಲ್ಲೇನು?"

"ಅನಿಸಿತ್ತು. ಮಷೀನ್ ಬೇಕಾಗಿತ್ತು."

ಬಾಗಿಲಿನಲ್ಲಿ ನಿಂತಿದ್ದ ಅನುರಾಧಾ ಒಳಗೆ ಹೋದಳು. ಕೊಟ್ರೇಶ ಕುರ್ಚಿಯಲ್ಲಿ ಕೂತ. ಆಮೇಲೆ ಮಾತಾಡಿದಾಗ ದನಿ ಏರಿರಲಿಲ್ಲ.

"ನಿನಗ ಬೇಕಾಗ್ಯದ ಅಂತ ಗೊತ್ತಿದ್ದೇ ನಾ ತಂದದ್ದು. ಹಾಡು ಕೇಳೂ ಮುಂದ ನಿನ್ನ ಮಾರಿ ನೋಡೀನಿ. ಎದುರಿಗೆ ನಾ ಕುಂತೀನಿ ಅನ್ನೂದೂ ನಿನಗ ಮರತಿರತದ. ನನಗ ಒಂದಿನಾನೂ ಹಂಗ ಆಗಿಲ್ಲ. ಹಾಸ್ಟೆಲ್‌ನಾಗಿದ್ದಾಗಿಂದ ಹೊಟ್ಟಿಕಿಚ್ಚು ನನಗ. ಈ ಮಷೀನ್ ಇದ್ರ ಆದೀತು ಅನಕೊಂಡೆ."

ಉಮೇಶ ಸೀಡಿ ತೆಗೆದು ಡಬ್ಬಿಯಲ್ಲಿಟ್ಟ.

"ಮಷೀನ್ ಇಲ್ಲೇ ಇರಲಿ," ಎಂದ ಕೊಟ್ರೇಶ. "ನೀ ಈಗ ಹೋಗು."

ಆ ಬೇಸಿಗೆಯೆಲ್ಲ ಅವರು ಮಾತಾಡಲಿಲ್ಲ. ಮಂಜುಳಾ ಕೇಳಿದಾಗ ಉಮೇಶ ನಡೆದದ್ದನ್ನು ಹೇಳಿದ. ಆಕೆ ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಅವನು ತನ್ನ ಹಳೆಯ ಪ್ಲೇಯರಿನಲ್ಲಿ ಕೇಳಲು ಪ್ರಯತ್ನಿಸಿ ಅರ್ಧಕ್ಕೇ ನಿಲ್ಲಿಸುತ್ತಿದ್ದ.

ಶ್ರಾವಣದಲ್ಲಿ ಕೊಟ್ರೇಶನಿಂದ ಒಂದು ಮೆಸೇಜು ಬಂತು. ಬರುವ ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ಅಷ್ಟೇ ಇತ್ತು. ಉಮೇಶ ಹೋದ. ಕೊಟ್ರೇಶ ತಾನೇ ಮುಚ್ಚಳ ಸರಿಸಿದ, ತಾನೇ ಸೀಡಿ ಇಟ್ಟ, ಉಮೇಶ ಎದ್ದು ಬರಲು ನೋಡಿದಾಗ ಕೈಯಿಂದಲೇ ಕೂರು ಎಂದು ಸನ್ನೆ ಮಾಡಿದ. ನಡುವಿನ ಕುರ್ಚಿಯಲ್ಲಿ ಕೊಟ್ರೇಶ, ಗೋಡೆಯ ಪಕ್ಕದ ಸೋಫಾದಲ್ಲಿ ಉಮೇಶ.

ಸರೋದು ಶುರುವಾಯಿತು. ಪಕ್ಕದಲ್ಲಿ ಕೂತರೂ ಅದು ಎಷ್ಟು ಚೆನ್ನಾಗಿದೆಯೆಂದು ಉಮೇಶನಿಗೆ ಗೊತ್ತಾಗುತ್ತಿತ್ತು. ಆ ಮಷೀನು ತನ್ನ ಮನೆಯಲ್ಲಿರಬೇಕಿತ್ತು ಎಂಬ ಆಸೆ ಮತ್ತೆ ಎದ್ದಿತು. ಅಷ್ಟೆಲ್ಲ ಆದಮೇಲೂ ಅದು ಹೋಗಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಕೊಟ್ರೇಶನೂ ಸರೋದು ಬಿಟ್ಟು ಇವನ ಮುಖವನ್ನೇ ನೋಡುತ್ತಿದ್ದ. ಇಬ್ಬರೂ ಬೇಗನೆ ಸ್ಪೀಕರುಗಳ ಕಡೆ ತಿರುಗಿದರು. ಸೀಡಿ ಮುಗಿಯುವವರೆಗೆ ಯಾರೂ ಏಳಲಿಲ್ಲ. ಆಮೇಲೆ ಅನುರಾಧಾ ಎಲೆ ಹಾಕಿದಳು, ಕೂತು ಉಂಡರು.