ಸುಮ್ಮನೆ ಕೂತಿದ್ದ ಅರ್ಧ ಟ್ಯೂಬ್

ಹೋಟೆಲ್ ಮಾಲೀಕ ವೇದಿಕೆಯ ಮೇಲೊಂದು ದೀಪ ತೂಗುಹಾಕಿಸಿದ್ದ. ಸದ್ದು ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಕೆಂಪಾದೊಡನೆ ವೇದಿಕೆಯ ಕರೆಂಟೇ ಕಟ್. ತೂಗುಹಾಕಿಸಿದ್ದಾದರೂ ಎಲ್ಲಿ? ಗಿಟಾರಿನವಳ ಆಂಪ್ಲಿಫೈಯರಿನ ನೆತ್ತಿಯ ಮೇಲೆ. ನಿಜವಾಗಿ ಗದ್ದಲ ಮಾಡುತ್ತಿದ್ದವನು ಡ್ರಮ್ಮಿನವನು. ಆದರೆ ಅವನು ಮಾಲೀಕನ ಅಳಿಯ, ಅವನಿಗೆ ಹೇಳುವವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕಳೆದ ಶನಿವಾರವೂ ಹಾಗೇ ಆಯಿತು. ಅಳಿಯ ಮೈಮರೆತು ಬಡಿದ, ದೀಪ ಕೆಂಪಾಯಿತು, ಕರೆಂಟ್ ಹೋಯಿತು. ಡ್ರಮ್ಮಿಗೆ ಕರೆಂಟ್ ಯಾತಕ್ಕೆ? ಅವನು ಬಡಿಯುತ್ತಲೇ ಇದ್ದ. ಇವಳ ಗಿಟಾರು ಮಾತ್ರ ಹಾಡಿನ ನಡುವೆ ಮೂಕವಾಯಿತು. ಮುಂದಿನ ಮೇಜಿನವರು ನಕ್ಕರು. ಆ ನಗು ಅವಳಿಗೆ ಮನೆಗೆ ಹೋದ ಮೇಲೂ ಕೇಳುತ್ತಿತ್ತು.

ಮಾಲೀಕ ಬುದ್ಧಿ ಹೇಳಿದ್ದೂ ಅವಳಿಗೇ. "ನೋಡಮ್ಮ, ಜನ ಬರೋದು ಊಟ ಮಾಡಿ ಮಾತಾಡೋಕೆ. ನೀನು ಹಿಂದೆ ಮೆಲ್ಲಗೆ ಇರ್ಬೇಕು. ಇನ್ನೊಂದ್ಸಲ ಕೆಂಪಾದ್ರೆ, ಯಾರಿಂದ ಆಯ್ತೋ ಅವರು ವೇದಿಕೆ ಇಳೀಬೇಕು. ಅದು ಯಾರೇ ಆಗ್ಲಿ."

"ಯಾರೇ ಆಗ್ಲಿ ತಾನೇ?" ಎಂದು ಅವಳು ಮತ್ತೆ ಕೇಳಿದಳು.

"ಯಾರೇ ಆಗ್ಲಿ."

ಬೇರೆ ಕಡೆಯೆಲ್ಲ ಜನ ಕೇಳುತ್ತಿದ್ದದ್ದು ಬೇರೆಯವರ ಹಾಡು. ಅವಳು ತಾನೇ ಕಟ್ಟಿದ ಹಾಡುಗಳನ್ನು ಬಾರಿಸಲು ಇದ್ದದ್ದು ಇದೊಂದೇ ವೇದಿಕೆ. ಇದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಆಂಪ್ಲಿಫೈಯರ್ ಅಪ್ಪ ಕಟ್ಟಿದ್ದು, ಹಳೇ ರೇಡಿಯೊಗಳ ಗಾಜಿನ ಟ್ಯೂಬ್ ಹಾಕಿ. ರೇಡಿಯೊ ರಿಪೇರಿಯಲ್ಲೇ ತಲೆ ನರೆಸಿಕೊಂಡ ಮನುಷ್ಯ. ಅವರ ಪ್ರಕಾರ ಧ್ವನಿ ತೊಳೆದ ಗಾಜಿನಂತಿರಬೇಕು, ಕರಕರ ಅಂದರೆ ಅದು ಕಾಯಿಲೆ. ಮಗಳು ಪೆಟ್ಟಿಗೆಯ ಬೆನ್ನು ಬಿಚ್ಚಿದ್ದು ಕಂಡು ಅವರಿಗೆ ತಮ್ಮ ಹೊಟ್ಟೆಗೇ ಕೈ ಹಾಕಿದಂತಾಯಿತು.

"ಈ ಟ್ಯೂಬಿನೊಳಗೆ ಎರಡು ಭಾಗ ಇದೆಯಲ್ಲಪ್ಪ, ನೀವು ಒಂದನ್ನೇ ಬಳಸಿದ್ದೀರಿ. ಇನ್ನರ್ಧ ಇಷ್ಟು ವರ್ಷ ಸುಮ್ನೆ ಕೂತಿದೆ."

"ಬೇಕಾಗಿರ್ಲಿಲ್ಲ, ಅದಕ್ಕೆ."

"ನಂಗೆ ಬೇಕು."

"ಕೆಡಿಸ್ತೀಯ ಕಣೇ. ಅಷ್ಟು ಏರಿಸಿದ್ರೆ ಧ್ವನಿ ಒಡೆದು ಹೋಗುತ್ತೆ."

"ಒಡೀಲಿ. ನಂಗೆ ಮೈಯೆಲ್ಲ ಉರೀತಿದೆ, ಈ ಪೆಟ್ಟಿಗೆ ಮಾತ್ರ ಹಲ್ಲು ಕಿರೀತಾ ಇದೆ."

ಅವಳ ಲೆಕ್ಕ ಸರಳವಾಗಿತ್ತು. ತಂತಿಯಿಂದ ಬರುವ ಸಣ್ಣ ಸದ್ದನ್ನು ಟ್ಯೂಬಿನ ಮೊದಲ ಅರ್ಧ ಹಿಗ್ಗಿಸುತ್ತದೆ. ಹಿಗ್ಗಿದ್ದನ್ನು ಇನ್ನರ್ಧಕ್ಕೆ ಉಣಿಸಿದರೆ, ಅದು ಹಿಡಿಸಲಾರದೆ ಅಂಚು ಹರಿದು ಗುರುಗುಟ್ಟುತ್ತದೆ. ಆಮೇಲೆ ಕೊನೆಯಲ್ಲೊಂದು ನಾಬ್ ಕೂರಿಸಿ, ಆ ಗುರುಗುಟ್ಟುವ ಸದ್ದನ್ನು ಬೇಕಾದಷ್ಟೇ ಹೊರಗೆ ಬಿಡಬಹುದು. ಬಾಗಿಲು ಹಾಕಿಕೊಂಡು ಜಗಳ ಆಡಿದ ಹಾಗೆ: ಸದ್ದು ಬೀದಿಗೆ ಹೋಗದು, ಆದರೆ ಜಗಳ ಜಗಳವೇ. ಮಾಲೀಕನ ದೀಪಕ್ಕೆ ತಿಳಿಯುವುದು ಸದ್ದು ಮಾತ್ರ. ಸಿಟ್ಟು ಅಳೆಯುವ ದೀಪ ಇನ್ನೂ ಹುಟ್ಟಿಲ್ಲ.

ಅವಳು ಪೆಟ್ಟಿಗೆಯೊಳಗೆ ಬೆರಳು ಹಾಕಹೊರಟಾಗ ಅಪ್ಪನಿಗೆ ಸುಮ್ಮನಿರಲಾಗಲಿಲ್ಲ. "ತಡಿ. ಕೆಪ್ಯಾಸಿಟರ್ ಖಾಲಿ ಮಾಡಿದ್ಯಾ? ಪ್ಲಗ್ ಕಿತ್ರೂ ಅದ್ರಲ್ಲಿ ಕರೆಂಟ್ ಉಳಿದಿರುತ್ತೆ, ಎತ್ತಿ ಒಗೆಯುತ್ತೆ. ಒಂದು ಕೈ ಜೇಬಲ್ಲಿಟ್ಕೋ."

ಒಂದು ಮಾತು ಬಾಯಿಂದ ಬಿದ್ದ ಮೇಲೆ ಇನ್ನೊಂದು ನಿಲ್ಲುತ್ತದೆಯೇ? ಅವಳು ಸೋಲ್ಡರ್ ಮಾಡಿ ಮುಗಿಸಿ ಸ್ವಿಚ್ ಹಾಕಿದರೆ ಪೆಟ್ಟಿಗೆ ಕಿವಿ ತೂತಾಗುವಂತೆ ಸೀಟಿ ಹೊಡೆಯಿತು. ಅಪ್ಪನೇ ಎದ್ದು ಬಂದರು. "ಒಳಗೆ ಬರೋ ವೈರನ್ನೂ ಹೊರಗೆ ಹೋಗೋ ವೈರನ್ನೂ ಒಟ್ಟಿಗೆ ಮಲಗಿಸಿದ್ದೀಯಲ್ಲೇ. ದೂರ ಸರಿಸು." ಸರಿಸಿದಳು. ಸೀಟಿ ನಿಂತಿತು. ತಂತಿ ಮೀಟಿದಾಗ ಪೆಟ್ಟಿಗೆ ತಗ್ಗಿದ ದನಿಯಲ್ಲೇ ಗುರ್ ಎಂದಿತು.

"ಕಾಯಿಲೆ," ಎಂದರು ಅಪ್ಪ.

"ಇರ್ಲಿ," ಎಂದಳು ಮಗಳು.

ಶನಿವಾರ ಅವಳು ಮೊದಲ ಹಾಡನ್ನು ಒಬ್ಬಳೇ ಶುರು ಮಾಡಿದಳು, ಕಳೆದ ವಾರ ಕಡಿದು ಬಿದ್ದಿದ್ದ ಅದೇ ಹಾಡು. ಸದ್ದು ಪಕ್ಕದ ಮೇಜಿನ ಮಾತನ್ನೂ ಮೀರಲಿಲ್ಲ. ಆದರೂ ಚಮಚಗಳು ನಿಂತವು. ಬಟ್ಟೆ ಹರಿದಂಥ ಆ ಸ್ವರದ ಎದುರು ಯಾರಿಗೂ ಮಾತು ಮುಂದುವರಿಸಲಾಗಲಿಲ್ಲ.

ಮಾಲೀಕ ದುಡುದುಡು ಬಂದ. "ಏನಮ್ಮ ಇದು ಗಲಾಟೆ? ಕಡಿಮೆ ಮಾಡು."

ಅವಳು ಕೈ ನಿಲ್ಲಿಸದೆ ಗಲ್ಲದಿಂದಲೇ ದೀಪ ತೋರಿಸಿದಳು. ಹಸಿರು. ದೀಪಕ್ಕೆ ಸದ್ದು ಅಳೆದು ಕೊಡುವ ಮೀಟರು ಕಂಬದ ಮೇಲಿತ್ತು, ಮಾಲೀಕ ಅದನ್ನು ಬೆರಳಿನಿಂದ ತಟ್ಟಿದ. ಆಗಲೂ ಹಸಿರೇ. ಕುಣಿಯಲಾರದವಳಿಗೆ ನೆಲ ಡೊಂಕಾದರೆ, ಕೇಳಲಾರದವನಿಗೆ ಮೀಟರೇ ಡೊಂಕು.

ತಾಳ್ಮೆ ಕೆಟ್ಟು ಅವನು ಅಳಿಯನಿಗೆ ಕಣ್ಸನ್ನೆ ಮಾಡಿದ. ಅಳಿಯನಿಗೆ ಅಷ್ಟೇ ಸಾಕಾಗಿತ್ತು. ಅವಳ ಸ್ವರ ಮುಚ್ಚಿಹೋಗುವಂತೆ ಎರಡೂ ಕೈಯಲ್ಲಿ ಬಡಿದ. ದೀಪ ಕೆಂಪಾಯಿತು. ಕರೆಂಟ್ ಹೋಯಿತು.

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಅಳಿಯನ ಮೇಲಿತ್ತು. ಅವನ ಕೋಲು ಎತ್ತಿದಲ್ಲೇ ನಿಂತಿತ್ತು.

"ಯಾರೇ ಆಗ್ಲಿ ಅಂದಿದ್ರಿ," ಎಂದಳು ಗಿಟಾರಿನವಳು, ಎಲ್ಲರಿಗೂ ಕೇಳುವ ಹಾಗೆ. "ಈಗ ಅಳಿಯ ಅಲ್ಲ, ಮಗಳ ಗಂಡ ಅಂತ ಹೇಳ್ತೀರೇನೋ."

ಮುಂದಿನ ಮೇಜಿನಿಂದ ನಗು ಬಂತು. ನಕ್ಕವರು ಕಳೆದ ವಾರದವರೇ. ಮಾಲೀಕ ಒಮ್ಮೆ ಮೇಜುಗಳ ಕಡೆ ನೋಡಿದ, ಒಮ್ಮೆ ಅಳಿಯನ ಕಡೆ. ಅಳಿಯ ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದ.

ಕರೆಂಟ್ ಬಂತು. ಟ್ಯೂಬ್ ಕೆಂಪಗೆ ಕಾಯುವವರೆಗೆ ಅವಳು ಕಾದಳು. ಆಮೇಲೆ ನಾಬನ್ನು ಒಂದು ಎಳೆಯಷ್ಟೂ ಇಳಿಸದೆ, ಹಾಡು ಎಲ್ಲಿ ಕಡಿದಿತ್ತೋ ಅಲ್ಲಿಂದಲೇ ಎತ್ತಿಕೊಂಡಳು.