ಗರಗಸಕ್ಕೆ ತಲೆಕಟ್ಟು

"ಮತ್ತೆ ಬರೀ ತಲೆ!" ದಾಕ್ಷಾಯಣಮ್ಮ ಸ್ಲೇಟಿನ ಮೇಲೆ ಬೆರಳು ಕುಟ್ಟಿದರು. "ಲೇ ಅಫ್ಜಲು, ಗರಗಸ ಬರಿಯೇ ಅಂದ್ರೆ ಇದೇನೇ? ನಾಲ್ಕು ಅಕ್ಷರಾನೂ ಬರೀ ತಲೇಲಿ ಬೀದಿಗೆ ಬಂದ್ಬುಟ್ಟವೆ!"

ಅಫ್ಜಲುನ್ನೀಸಾ ಬಳಪವನ್ನು ಕೊನೆಯ ಅಕ್ಷರಕ್ಕೆ ಒಯ್ದು, ಬಲದಿಂದ ಎಡಕ್ಕೆ ಬರುತ್ತ ಒಂದೊಂದಕ್ಕೂ ತಲೆಕಟ್ಟು ಹಾಕಿದಳು. "ಈಗ ಸರಿ ಆಯ್ತಲ್ಲ ಅಕ್ಕಾ? ನಮ್ಮ ಉರ್ದೂದಾಗೆ ಹಂಗೇ. ಪೂರಾ ಮಾತು ಬರ್ದು ಆಮೇಲೆ ಚುಕ್ಕಿ ಇಡೋದು."

ನೋಡುವುದಕ್ಕೇನೋ ಸರಿಯಾಗಿಯೇ ಇತ್ತು. ಆದರೆ ಹೋದ ಸಲ ಮಧುಗಿರಿಯ ಪರೀಕ್ಷೆಯಲ್ಲಿ, ಕೊನೆಗೆ ಹಾಕಿದರಾಯಿತು ಎಂದು ಬಿಟ್ಟಿದ್ದ ತಲೆಕಟ್ಟುಗಳು ಅರ್ಧ ಹಾಳೆಯಷ್ಟು ಬಾಕಿ ಇರುವಾಗಲೇ ಗಂಟೆ ಹೊಡೆದಿತ್ತು. ರಾಜ್ಯ ಒಂದಾದ ಮೇಲೆ, ಕನ್ನಡ ಪಾಸಾಗದ ಮೇಡಮ್ಮನವರಿಗೆ ಕೆಲಸ ಖಾಯಂ ಇಲ್ಲವೆಂದು ಅವಳು ಪಾಠ ಹೇಳುತ್ತಿದ್ದ ಸಿರಾದ ಉರ್ದು ಶಾಲೆಗೆ ಮೇಲಿನಿಂದ ಹೇಳಿಬಿಟ್ಟಿದ್ದರು. ಇನ್ನೊಂದೇ ಅವಕಾಶ. ತಗಡಿನ ಕೆಲಸದ ಗಂಡ ನಸ್ರುಲ್ಲಾ ಎದೆನೋವೆಂದು ಹಾಸಿಗೆ ಹಿಡಿದಮೇಲೆ ಮನೆ ನಡೆಯುತ್ತಿದ್ದದ್ದೇ ಅವಳ ಸಂಬಳದಲ್ಲಿ. ಭಯವಾಗದೆ ಇರುತ್ತದೆಯೇ?

ಪಕ್ಕದ ಮನೆಯ ದಾಕ್ಷಾಯಣಮ್ಮ, ಈಶ್ವರನ ಗುಡಿ ಅಯ್ಯನವರ ಹೆಂಡತಿ, ತಾವಾಗಿಯೇ ಮೇಲೆ ಬಿದ್ದು ಕಲಿಸಲು ಬಂದಿದ್ದರು. ಹೇಳಿ ಹೇಳಿ ಅವರ ಗಂಟಲು ಒಣಗಿತೇ ಹೊರತು ಅವಳ ಕೈ ಬಗ್ಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದು ಬೆರಳಿಗೂ ಸಲ್ಲುವ ಮಾತೇ.

"ಅಲ್ವೇ, ಸೆರಗು ತಲೆ ಮ್ಯಾಲೆ ಎಳ್ಕೊಳ್ದೆ ನೀನು ಹೊಸ್ತಿಲು ದಾಟ್ತೀಯಾ?" ದಾಕ್ಷಾಯಣಮ್ಮ ಇದ್ದಕ್ಕಿದ್ದಂತೆ ಕೇಳಿದರು.

"ತೋಬಾ! ಅತ್ತೆ ಸುಮ್ನೆ ಬುಡ್ತಾರಾ?"

ಮಂಚದ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಅತ್ತೆ ಖಾಜಾಬಿ ಮುಖವೆತ್ತದೆ, "ಬುಡಾಕಿಲ್ಲ," ಎಂದಳು.

"ಅಕ್ಷರಾನೂ ಅಂಗೇ ಕಣಮ್ಮ. ಒಂದು ಸೆರಗು ಹಾಕ್ಕೊಂಡು ಹೊಸ್ತಿಲು ದಾಟ್ಲಿ, ಆಮೇಲೆ ಇನ್ನೊಂದನ್ನ ಕರಿ."

ಅಫ್ಜಲುನ್ನೀಸಾ ನಕ್ಕಳು. ಗ ಬರೆದಳು, ಸೆರಗು ಹಾಕಿದಳು. ರ ಬರೆದಳು, ಸೆರಗು ಹಾಕಿದಳು. ಅಂದಿನಿಂದ ಖಾಜಾಬಿಗೂ ಒಂದು ಕೆಲಸ ಸಿಕ್ಕಿತು. ಕನ್ನಡದ ಒಂದಕ್ಷರವೂ ಓದಲು ಬಾರದ ಮುದುಕಿ, ಸೊಸೆ ಸ್ಲೇಟು ಹಿಡಿದಾಗಲೆಲ್ಲ ಮಂಚದಿಂದಲೇ "ಬಹೂ, ಸೆರಗು!" ಎಂದು ಗದರುತ್ತಿದ್ದಳು.

ಪರೀಕ್ಷೆಯ ದಿನ ಮಧುಗಿರಿಯಲ್ಲಿ ಉಕ್ತಲೇಖನ ಹೇಳಿದವರು ಹೋದ ಸಲದ ಪರ್ವತಯ್ಯ ಮೇಷ್ಟ್ರೇ. ಮೊದಮೊದಲು ನಿಧಾನವಾಗಿ ಹೇಳುತ್ತಿದ್ದವರು ಆಮೇಲೆ ಓಟಕ್ಕೆ ಬಿದ್ದರು. 'ನಗರದ ಹೊರಗೆ' ಎನ್ನುವಲ್ಲಿ ಕೈ ಹಳೆಯ ಚಾಳಿಗೆ ತಿರುಗಿ, 'ನಗರದ' ಎಂಬ ಮಾತು ಬರಿದಲೆಯಲ್ಲೇ ನಿಂತಿತು. ಮೇಷ್ಟ್ರು ಆಗಲೇ ಮುಂದಿನ ಮಾತಿಗೆ ಹೋಗಿದ್ದರು. ಓಡಲೇ, ನಿಲ್ಲಲೇ? "ಬಹೂ, ಸೆರಗು!" ಕಿವಿಯಲ್ಲೇ ಗದರಿದಂತಾಯಿತು. ಅವಳು ನಿಂತಳು. ನಾಲ್ಕಕ್ಕೂ ತಲೆಕಟ್ಟು ಹಾಕಿ ಮುಗಿಸುವಷ್ಟರಲ್ಲಿ ಒಂದು ಮಾತು ಕೈಬಿಟ್ಟೇ ಹೋಯಿತು.

ಗಂಟೆಯಾದ ಮೇಲೆ ಪರ್ವತಯ್ಯ ಅವಳ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಇಲ್ಲೊಂದು ಮಾತು ಬಿಟ್ಟಿದ್ದೀರಿ."

"ಹೌದು ಸಾರ್."

"ಹೋಗ್ಲಿ ಬುಡಿ. ಹೋದ್ಸಲ ಬರೀ ಸೊನ್ನೆ ಸಾಲು ಓದಿ ನನ್ ಕಣ್ಣೇ ಕೆಟ್ಟಿತ್ತು. ಈ ಸಲ ಎಲ್ಲಾ ಕನ್ನಡದಲ್ಲೇ ಇದೆ." ಕೆಂಪು ಶಾಯಿಯಲ್ಲಿ ಸಹಿ ಹಾಕಿದರು. "ಪಾಸು ಕಣಮ್ಮ. ಹೋಗಿ ಬನ್ನಿ."

ಹೋದ ಜೀವ ಬಂದಂತಾಯಿತು. ಸಿರಾ ಬಸ್ಸಿನ ಕಿಟಕಿಯಲ್ಲಿ ಧೂಳು, ಬಿಸಿಗಾಳಿ ಮುಖಕ್ಕೆ ಬಡಿದರೂ ಅವಳಿಗೆ ಹಿತವೇ ಅನ್ನಿಸಿತು. ಇಳಿದವಳೇ ಬಜಾರಿನ ನಡುವೆ ದಡದಡ ನಡೆದಳು. ಸೌದೆ ಡಿಪೋದ ಮುಂದೆ ಹಾಯುವಾಗ ಒಳಗೆ ಗರಗಸ ಎಳೆಯುತ್ತಿದ್ದ ಸದ್ದು ಕೇಳಿ, ಒಬ್ಬಳೇ ನಕ್ಕಳು.

ಜಗಲಿಯಲ್ಲಿ ದಾಕ್ಷಾಯಣಮ್ಮ ಕಾದು ಕೂತಿದ್ದರು. ಬಾಗಿಲಲ್ಲಿ ಖಾಜಾಬಿ.

"ಏನಾಯ್ತೇ? ಎಲ್ಲಕ್ಕೂ ಸೆರಗು ಹಾಕ್ದ್ಯಾ?"

"ಎಲ್ಲಕ್ಕೂ ಹಾಕ್ದೆ ಅಕ್ಕಾ! ಪಾಸು!"

ದಾಕ್ಷಾಯಣಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದರು. "ಅಲ್ವೇ, ನಿನ್ನ ತಲೆಗೆ?"

ಅಫ್ಜಲುನ್ನೀಸಾ ತಲೆ ಮುಟ್ಟಿಕೊಂಡಳು. ಸೆರಗು ಬಸ್ಸಿನ ಗಾಳಿಗೇ ಜಾರಿ ಹೆಗಲ ಮೇಲೆ ಮುದ್ದೆಯಾಗಿತ್ತು. ಇಡೀ ಬಜಾರನ್ನು ಬರಿದಲೆಯಲ್ಲೇ ದಾಟಿ ಬಂದಿದ್ದಳು. ನಗು ನಿಂತಿತು, ಅತ್ತೆಯ ಕಡೆ ತಿರುಗಿದಳು.

ಖಾಜಾಬಿ ಹೊಸ್ತಿಲು ಇಳಿದು ಬಂದಳು. ಗದರಲಿಲ್ಲ. ಸೊಸೆಯ ಸೆರಗನ್ನು ಕೊಡವಿ, ಧೂಳು ತುಂಬಿದ ಕೂದಲ ಮೇಲೆ ತಾನೇ ಎಳೆದು ಹಾಕಿ, ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು.